ಕೈಗೆ ಫ್ಲ್ಯಾಪ್ ಹಾಕಿ ಎರಡು ವರ್ಷವಾದ ಮೇಲೆ: ಏನು ಉಳಿಯುತ್ತೆ, ಏನು ಕೈಕೊಡುತ್ತೆ?

ಅಂಗೈರೇಖೆ

ಚರ್ಮ, ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ), ನರ ಹೋದ ಕೈಗೆ ಫ್ಲ್ಯಾಪ್ (ರಕ್ತಸಂಚಾರ ಸಮೇತ ಬೇರೆ ಕಡೆಯಿಂದ ತಂದ ಅಂಗಾಂಶ) ಹಾಕಿ ಮಾಡುವ ಮರುರಚನೆಯ ದೀರ್ಘಕಾಲದ ಫಲಿತಾಂಶ ಅಂತ ಹುಡುಕಿದರೆ ಹೆಚ್ಚಿನ ಲೇಖನಗಳು "ಫ್ಲ್ಯಾಪ್ ಪೂರ್ತಿ ಉಳಿಯಿತು" ಅನ್ನುವಲ್ಲಿಗೇ ಮುಗಿಯುತ್ತವೆ. ಅದು ಎರಡನೇ ವಾರದ ಸುದ್ದಿ. ಎರಡನೇ ವರ್ಷಕ್ಕೆ ಆ ಕೈ ಅಂಗಿಯ ಗುಂಡಿ ಹಾಕುತ್ತದೆಯೇ, ಬಿಸಿ ಲೋಟ ಹಿಡಿದರೆ ಗೊತ್ತಾಗುತ್ತದೆಯೇ, ಚಳಿಗೆ ಎಷ್ಟು ನೋಯುತ್ತದೆ ಅನ್ನುವುದೆಲ್ಲ ಎರಡು ಸಾಲಿನಲ್ಲಿ ಹೋಗಿಬಿಡುತ್ತದೆ. ಫಾಲೋ-ಅಪ್‌ಗೆ ಒಂದು ನಮೂನೆ ತಯಾರಿಸಬೇಕಿದೆ. ಏನನ್ನು ಅಳೆಯಬೇಕು, ಯಾವಾಗ ಅಳೆಯಬೇಕು, ಯಾವ ಫ್ಲ್ಯಾಪ್‌ನಲ್ಲಿ ಮುಂದೆ ಏನು ತೊಂದರೆ ಬರುತ್ತದೆ? ಮೂಳೆಯ ವಿಷಯ ಸದ್ಯಕ್ಕೆ ಬದಿಗಿಡೋಣ.

ಸೂಜಿದಾರ

ಮೊದಲು ವೇಳಾಪಟ್ಟಿ: 6 ವಾರ, 3 ತಿಂಗಳು, 6 ತಿಂಗಳು, 12 ತಿಂಗಳು, 24 ತಿಂಗಳು. ಒಂದೇ ಭೇಟಿಯಲ್ಲಿ ಎಲ್ಲವನ್ನೂ ಅಳೆಯಲು ಹೋಗಬೇಡಿ. 6 ವಾರಕ್ಕೆ ಹಿಡಿತದ ಬಲ ಅಳೆಯುವುದರಲ್ಲಿ ಅರ್ಥವಿಲ್ಲ, ಟೆಂಡನ್ ಹೊಲಿದಿದ್ದರೆ ಅಪಾಯವೂ ಹೌದು. ಆ ಭೇಟಿ ಊತ ಮತ್ತು ಕೀಲಿನ ಚಲನೆಗೆ. ಬಲ 3 ತಿಂಗಳಿಂದ. ಸಂವೇದನೆಯ ಕೊನೆಯ ತೀರ್ಪು ಎರಡನೇ ವರ್ಷಕ್ಕೆ ಮುಂಚೆ ಬೇಡ. ಹೊಲಿದ ನರ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ಮಣಿಕಟ್ಟಿನಲ್ಲಿ ಹೊಲಿದದ್ದು ಬೆರಳ ತುದಿ ಮುಟ್ಟಲು ಆರು ತಿಂಗಳು ಹಿಡಿಯುತ್ತದೆ, ಮುಟ್ಟಿದ ಮೇಲೆ ಪಕ್ವವಾಗಲು ಇನ್ನಷ್ಟು.

ಬಲಕ್ಕೆ ಜಾಮರ್ ಡೈನಮೋಮೀಟರ್ (ಹಿಂಡಿದ ಬಲ ತೋರಿಸುವ ಸಾಧನ), ಹಿಡಿಯ ಎರಡನೇ ಸ್ಥಾನ, ಮೊಣಕೈ 90 ಡಿಗ್ರಿ ಮಡಿಸಿ ಪಕ್ಕೆಗೆ ಒತ್ತಿರಬೇಕು, ಮೂರು ಸಲ ಹಿಂಡಿಸಿ ಸರಾಸರಿ ತೆಗೆಯಿರಿ. ಇನ್ನೊಂದು ಕೈಯ ಅಂಕಿಯನ್ನು ಪಕ್ಕದಲ್ಲೇ ಬರೆಯಿರಿ. ಅದಿಲ್ಲದ ಕಿಲೋ ಲೆಕ್ಕದಿಂದ ಏನೂ ಗೊತ್ತಾಗುವುದಿಲ್ಲ.

ಪ್ರಶ್ನಾವಳಿಯಲ್ಲಿ ಒಂದು ಎಚ್ಚರಿಕೆ. ತೋಳು, ಭುಜ, ಕೈಗಳ ತೊಂದರೆ ಕೇಳುವ, ಎಲ್ಲರೂ ಬಳಸುವ ಡ್ಯಾಶ್‌ನಲ್ಲಿ 30 ಪ್ರಶ್ನೆ, ಕನಿಷ್ಠ 27ಕ್ಕೆ ಉತ್ತರವಿದ್ದರೆ ಮಾತ್ರ ಅಂಕ ಲೆಕ್ಕ ಹಾಕಬಹುದು. 0 ಅಂದರೆ ತೊಂದರೆಯೇ ಇಲ್ಲ, 100 ಅಂದರೆ ಪೂರ್ತಿ ಅಸಹಾಯಕ. ಆದರೆ ಅದು "ಕೆಲಸ ಆಗುತ್ತದೆಯೇ" ಅಂತ ಕೇಳುತ್ತದೆ, "ಯಾವ ಕೈಯಿಂದ" ಅಂತ ಕೇಳುವುದಿಲ್ಲ. ಎಡಗೈಯಲ್ಲೇ ಎಲ್ಲ ಮಾಡಿಕೊಳ್ಳಲು ಕಲಿತವರ ಅಂಕ ವರ್ಷದ ಕೊನೆಗೆ ಚೆನ್ನಾಗಿ ಕಾಣುತ್ತದೆ, ಗಾಯವಾದ ಬಲಗೈ ಮಾತ್ರ ಇದ್ದಲ್ಲೇ ಇರುತ್ತದೆ. ಮಿಶಿಗನ್ ಪ್ರಶ್ನಾವಳಿ ಎರಡೂ ಕೈಗಳನ್ನು ಬೇರೆ ಬೇರೆಯಾಗಿ ಕೇಳುತ್ತದೆ, ಕೈಯ ರೂಪದ ಬಗ್ಗೆಯೂ ಕೇಳುತ್ತದೆ. ಫ್ಲ್ಯಾಪ್ ಹಾಕಿದ ಕೈಗೆ ನನ್ನ ಮತ ಅದಕ್ಕೇ.

ಗೆಣ್ಣುಗಾರ್ತಿ

ಸರ್ ಹೇಳಿದ್ದಕ್ಕೆ ಥೆರಪಿ ಕಡೆಯಿಂದ ಒಂದು ಮಾತು. ಗೋನಿಯೋಮೀಟರ್‌ನಲ್ಲಿ (ಕೋನ ಅಳೆಯುವ ಸಾಧನ) ಪ್ರತಿ ಕೀಲಿನದ್ದೂ ಎರಡೆರಡು ಅಂಕಿ ಬೇಕು: ತಾನಾಗಿ ಮಡಿಸಿದಾಗ ಎಷ್ಟು, ನಾವು ಮಡಿಸಿದಾಗ ಎಷ್ಟು. ಎರಡೂ ಕಡಿಮೆ ಇದ್ದರೆ ಕೀಲೇ ಬಿಗಿದಿದೆ ಅಂತ. ನಾವು ಮಡಿಸಿದರೆ ಪೂರ್ತಿ ಬರುತ್ತೆ, ತಾನಾಗಿ ಬರಲ್ಲ ಅಂದರೆ ಟೆಂಡನ್ ಅಂಟಿಕೊಂಡಿದೆ, ಇಲ್ಲಾ ಕಿತ್ತುಹೋಗಿದೆ. ಮುಂದಿನ ಇಡೀ ಚಿಕಿತ್ಸೆ ಈ ಒಂದು ವ್ಯತ್ಯಾಸದ ಮೇಲೆ ನಿಂತಿರೋದರಿಂದ ಒಂದೇ ಅಂಕಿ ಬರೆದ ಚಾರ್ಟ್ ಇಟ್ಟುಕೊಂಡು ಏನೂ ಮಾಡೋಕಾಗಲ್ಲ.

ಮಡಿಸುವ ಟೆಂಡನ್‌ಗೆ ಸ್ಟ್ರಿಕ್‌ಲ್ಯಾಂಡ್ ಲೆಕ್ಕ: ಬೆರಳಿನ ಮಧ್ಯದ ಮತ್ತು ತುದಿಯ ಕೀಲುಗಳು ಮಡಿಯುವ ಡಿಗ್ರಿ ಕೂಡಿಸಿ, ನೇರ ಮಾಡುವಾಗ ಉಳಿಯುವ ಕೊರತೆ ಕಳೆದು, 175ರಿಂದ ಭಾಗಿಸಿ, 100ರಿಂದ ಗುಣಿಸಿ. 85 ಮೇಲಿದ್ದರೆ ಅತ್ಯುತ್ತಮ, 70–84 ಉತ್ತಮ, 50–69 ಸಾಧಾರಣ, ಅದಕ್ಕಿಂತ ಕೆಳಗೆ ಕಳಪೆ. ಉದಾಹರಣೆಗೆ ಮಧ್ಯದ ಕೀಲು 85, ತುದಿಯದ್ದು 40, ನೇರ ಮಾಡುವಾಗ 15 ಕೊರತೆ: 110 ಭಾಗಿಸು 175, ಅಂದರೆ 63. ಕಣ್ಣಿಗೆ ಮುಷ್ಟಿ ಚೆನ್ನಾಗೇ ಕಟ್ಟಿದ ಹಾಗೆ ಕಾಣುತ್ತೆ, ಲೆಕ್ಕದಲ್ಲಿ ಸಾಧಾರಣ.

ಕೈ ಬಿಗಿಯೋದು ಬಹುತೇಕ ಮೊದಲ ಮೂರು ವಾರದಲ್ಲೇ ನಿರ್ಧಾರ ಆಗಿಬಿಡುತ್ತೆ. ಬೆರಳ ಬುಡದ ಕೀಲಿನ ಪಕ್ಕದ ಲಿಗಮೆಂಟ್‌ಗಳು ಕೀಲು ನೇರವಿದ್ದಾಗ ಸಡಿಲ, ಮಡಿದಾಗ ಬಿಗಿ. ದಪ್ಪ ಡ್ರೆಸ್ಸಿಂಗ್ ಒಳಗೆ ಆ ಕೀಲುಗಳು ನೇರವಾಗೇ ಉಳಿದರೆ ಸಡಿಲವಿದ್ದ ಲಿಗಮೆಂಟ್ ಹಾಗೇ ಗಿಡ್ಡವಾಗುತ್ತೆ, ಆಮೇಲೆ ಎಷ್ಟು ಎಳೆದರೂ ಮುಷ್ಟಿ ಬರಲ್ಲ. ಅದಕ್ಕೇ ಸ್ಪ್ಲಿಂಟ್ ಹೀಗಿರಬೇಕು: ಮಣಿಕಟ್ಟು 20–30 ಡಿಗ್ರಿ ಹಿಂದಕ್ಕೆ, ಬುಡದ ಕೀಲು 70–90 ಮಡಿಸಿ, ಮುಂದಿನ ಎರಡು ಕೀಲು ನೇರ, ಹೆಬ್ಬೆರಳು ಅಂಗೈಯಿಂದ ಮುಂದಕ್ಕೆ ತೆರೆದು. ಟೆಂಡನ್ ಹೊಲಿದಿದ್ದರೆ ಸ್ಥಾನ ಬದಲಾಗುತ್ತೆ, ಸರ್ಜನ್ ಬರೆದುಕೊಡಬೇಕು. ಬರೆಯದೆ "ಫಿಸಿಯೋ ಶುರು ಮಾಡಿ" ಅಂತ ಚೀಟಿ ಕಳಿಸೋ ಪದ್ಧತಿ ಯಾವಾಗ ನಿಲ್ಲುತ್ತೋ.

ಸೂಜಿದಾರ

ಚೀಟಿಯ ವಿಷಯ ಒಪ್ಪಿಕೊಂಡೆ, ಮೇಡಂ. 😀

ಫ್ಲ್ಯಾಪ್‌ಗಳಿಗೆ ಬರೋಣ. ತೊಡೆಸಂದಿನ ಫ್ಲ್ಯಾಪ್ (ಮೆಕ್‌ಗ್ರೆಗರ್ ಮತ್ತು ಜ್ಯಾಕ್ಸನ್, 1972) ಇವತ್ತಿಗೂ ಎಷ್ಟೋ ಕಡೆ ಕೈ ಉಳಿಸುತ್ತಿದೆ. ಸೂಕ್ಷ್ಮದರ್ಶಕ ಬೇಡ, ಕೈಯ ಯಾವ ರಕ್ತನಾಳವನ್ನೂ ಬಲಿಕೊಡಬೇಕಿಲ್ಲ, ತೆಗೆದ ಜಾಗ ಬಟ್ಟೆಯೊಳಗೆ ಮುಚ್ಚಿಹೋಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಮೂರು ವಾರ: ಕೈ ತೊಡೆಸಂದಿಗೆ ಅಂಟಿಕೊಂಡು ಕೆಳಗೆ ಇಳಿಬಿದ್ದಿರುತ್ತದೆ, ಊದುತ್ತದೆ, ಮೊಣಕೈ ಮತ್ತು ಭುಜವೂ ಬಿಗಿಯುತ್ತವೆ. ಬುಡವನ್ನು ಉದ್ದವಾದ ಕೊಳವೆಯಂತೆ ಹೊಲಿದರೆ ಮಣಿಕಟ್ಟು ಅಲ್ಲಾಡಲು ಜಾಗ ಸಿಗುತ್ತದೆ, ಬೆರಳುಗಳನ್ನು ಎರಡನೇ ದಿನದಿಂದಲೇ ಆಡಿಸಬಹುದು. ಕತ್ತರಿಸುವ ಮುಂಚೆ ಬುಡವನ್ನು ಮೆದು ಕ್ಲ್ಯಾಂಪ್‌ನಿಂದ ಒತ್ತಿ ನೋಡಿ. ಬಣ್ಣ ನೀಲಿಗೋ ಬಿಳಿಚಿಗೋ ತಿರುಗಿದರೆ ಇನ್ನೂ ಕೆಲವು ದಿನ ಕಾಯಿರಿ.

ದೀರ್ಘಕಾಲದಲ್ಲಿ ಕಾಡುವುದು ದಪ್ಪ. ಇದು ಹೊಟ್ಟೆಯ ಹತ್ತಿರದ ಕೊಬ್ಬು, ಕೈಗೆ ಬಂದ ಮೇಲೂ ತನ್ನ ಗುಣ ಬಿಡುವುದಿಲ್ಲ. ಮೈತೂಕ ಏರಿದರೆ ಕೈಯ ಹಿಂಭಾಗದ ಫ್ಲ್ಯಾಪ್ ಕೂಡ ಉಬ್ಬುತ್ತದೆ. ತೆಳು ಮಾಡುವ ಶಸ್ತ್ರಚಿಕಿತ್ಸೆ 3 ತಿಂಗಳಿಗೆ ಮುಂಚೆ ಬೇಡ, ಆರು ತಿಂಗಳಾಗಿದ್ದರೆ ಇನ್ನೂ ಒಳ್ಳೆಯದು. ಒಂದು ಸಲಕ್ಕೆ ಅರ್ಧ ಅಂಚನ್ನಷ್ಟೇ ಬಿಡಿಸಿ. ಸುತ್ತಲೂ ಒಟ್ಟಿಗೆ ಬಿಡಿಸಿದರೆ ಅಂಚಿನಿಂದ ಬರುತ್ತಿದ್ದ ಹೊಸ ರಕ್ತ ನಿಂತು ನಡುಭಾಗ ಸಾಯುತ್ತದೆ.

ಪೆಡಿಕಲ್

> ತೊಡೆಸಂದಿನ ಫ್ಲ್ಯಾಪ್ ಇವತ್ತಿಗೂ ಎಷ್ಟೋ ಕಡೆ ಕೈ ಉಳಿಸುತ್ತಿದೆ

ಕೈ ಉಳಿಸುತ್ತದೆ, ಸರಿ. ಆದರೆ ಕೆಳಗೆ ಟೆಂಡನ್ ಹೊಲಿದಿರುವ ಗಾಯಕ್ಕೆ ಅದನ್ನು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಟೆಂಡನ್ ಜಾರಬೇಕಾದ ಮೂರು ವಾರವನ್ನೇ ಕಿತ್ತುಕೊಂಡ ಹಾಗಾಗುತ್ತದೆ. ಮುಂದೋಳಿನಿಂದಲೇ ತಿರುಗಿಸಿ ತರುವ ಫ್ಲ್ಯಾಪ್‌ಗಳಿವೆ, ಕೈಯನ್ನು ಮೊದಲ ದಿನದಿಂದ ಎತ್ತಿ ಇಡಬಹುದು.

ರೇಡಿಯಲ್ ಫ್ಲ್ಯಾಪ್ (ಚೀನಾದಲ್ಲಿ ಯಾಂಗ್ ಮತ್ತು ತಂಡ, 1981), ಅಂದರೆ ಮುಂದೋಳಿನ ಹೆಬ್ಬೆರಳ ಕಡೆಯ ರಕ್ತನಾಳದ ಮೇಲಿನದ್ದು, ತೆಳು, ನಂಬಿಕಸ್ಥ. ಮುಂಚೆ ಅಲೆನ್ ಪರೀಕ್ಷೆ (ಕಿರುಬೆರಳ ಕಡೆಯ ಅಲ್ನಾರ್ ರಕ್ತನಾಳವೊಂದೇ ಕೈಗೆ ಸಾಕೇ ಅಂತ ನೋಡುವುದು) ಕಡ್ಡಾಯ. ಒಂದು ಮುಖ್ಯ ರಕ್ತನಾಳ ಶಾಶ್ವತವಾಗಿ ಹೋಗುತ್ತದೆ. ಮುಂದೆಂದೋ ಅಲ್ನಾರ್ ಕಡೆ ಗಾಯವಾದರೆ ಕೈಗೆ ಹಿಂಬದಿ ಆಧಾರವಿರುವುದಿಲ್ಲ. ತೆಗೆದ ಜಾಗದಲ್ಲಿ ಟೆಂಡನ್ ಮೇಲಿನ ತೆಳುಪೊರೆ ಕೆರೆದುಹೋಗಿದ್ದರೆ ಚರ್ಮಕಸಿ ಅಲ್ಲಿ ಹಿಡಿಯದೆ ತಿಂಗಳುಗಟ್ಟಲೆ ಗಾಯ. ಚರ್ಮದ ರೇಡಿಯಲ್ ನರಕ್ಕೆ ಪೆಟ್ಟಾದರೆ ಹೆಬ್ಬೆರಳ ಹಿಂದೆ ಮರಗಟ್ಟುವುದು ಇಲ್ಲವೇ ಚುರುಚುರು ವರ್ಷಗಟ್ಟಲೆ. ಫ್ಲ್ಯಾಪ್‌ಗಿಂತ ಇದರ ಬಗ್ಗೆಯೇ ಹೆಚ್ಚು ದೂರು ಬರುತ್ತದೆ.

ಮುಂದೋಳಿನ ಹಿಂಬದಿಯ ಇಂಟರೋಸಿಯಸ್ (ಎರಡು ಮೂಳೆಗಳ ನಡುವಿನ ರಕ್ತನಾಳದ) ಫ್ಲ್ಯಾಪ್ ಮುಖ್ಯ ರಕ್ತನಾಳ ಉಳಿಸುತ್ತದೆ, ಹೆಬ್ಬೆರಳು-ತೋರುಬೆರಳ ಸಂದಿನವರೆಗೆ ತಲುಪುತ್ತದೆ. ಆದರೆ ಬಿಡಿಸುವುದು ನಾಜೂಕು ಕೆಲಸ, ಸ್ನಾಯು ಆಡಿಸುವ (ಮೋಟಾರ್) ನರದ ಕೊಂಬೆಗಳು ಪಕ್ಕದಲ್ಲೇ ಇರುತ್ತವೆ. ಪೆಡಿಕಲನ್ನು (ಫ್ಲ್ಯಾಪಿಗೆ ರಕ್ತ ತರುವ ಬುಡ) ಚರ್ಮದಡಿಯ ಸುರಂಗದಲ್ಲಿ ತೂರಿಸಿ ಉಳಿತಾಯ ಮಾಡಬೇಡಿ, ಮೇಲಿನ ಚರ್ಮ ತೆರೆದೇ ಇಡಿ. ರಕ್ತ ಹೊರಹೋಗಲು ತಡೆಯಾದರೆ ಫ್ಲ್ಯಾಪ್ ಕಡುನೀಲಿಯಾಗಿ ತುದಿ ಹೋಗುತ್ತದೆ.

ಸೂಜಿದಾರ

ಟೆಂಡನ್ ಹೊಲಿದಿದ್ದರೆ ನಿಮ್ಮ ಮಾತೇ ಸರಿ, ವಾದ ಇಲ್ಲ. ಸುತ್ತಲಿನ ಮುಂದೋಳೂ ಜಜ್ಜಿದ್ದರೆ ಅಥವಾ ಸುಟ್ಟಿದ್ದರೆ ಏನು ತಿರುಗಿಸುತ್ತೀರಿ? ಆಗ ಉಳಿಯುವುದು ತೊಡೆಸಂದು, ಇಲ್ಲವೇ ಮೈಕ್ರೋ ಸರ್ಜರಿಯಿಂದ ಜೋಡಿಸುವ ಫ್ಲ್ಯಾಪ್.

ಈ ಎರಡನೆಯದರಲ್ಲಿ ತೊಡೆಯ ಮುಂಬದಿ-ಹೊರಬದಿಯ ಫ್ಲ್ಯಾಪ್ (ಸಾಂಗ್, 1984) ಹೆಚ್ಚು ಚಾಲ್ತಿ. ಕೈಯ ಹಿಂಭಾಗಕ್ಕೆ ಅದೂ ಸಾಮಾನ್ಯವಾಗಿ ದಪ್ಪವೇ. ಅದಕ್ಕೇ ಬರೀ ಫ್ಯಾಸಿಯಾ (ಸ್ನಾಯುವಿನ ಮೇಲಿನ ಪೊರೆ) ತಂದು ಮೇಲೆ ತೆಳು ಚರ್ಮಕಸಿ ಹಾಕುವ ದಾರಿ ಇದೆ: ಟೆಂಡನ್ ಕೆಳಗೆ ಜಾರುತ್ತದೆ, ಕೈ ಕೈಯಂತೆಯೇ ಕಾಣುತ್ತದೆ. ಮುಂದೆ ಟೆಂಡನ್ ಬಿಡಿಸಲು ಮತ್ತೆ ತೆರೆಯಬೇಕು ಅನ್ನುವ ಅಂದಾಜಿದ್ದರೆ ಮಾತ್ರ ಚರ್ಮ ಸಮೇತದ ಫ್ಲ್ಯಾಪೇ ವಾಸಿ, ಎತ್ತಿ ಮತ್ತೆ ಹೊಲಿಯಬಹುದು. ಕಸಿ ಹಾಕಿದ ಫ್ಯಾಸಿಯಾವನ್ನು ಎತ್ತುವುದು ರಗಳೆ.

ಅಂಗೈರೇಖೆ

ಅಂಗೈಗೆ? ಅಲ್ಲಿ ದಪ್ಪ ಇರುವುದು ಒಳ್ಳೆಯದಲ್ಲವೇ, ಮೆತ್ತೆ ಸಿಗುತ್ತದೆ?

ಪೆಡಿಕಲ್

ಹಾಗೆ ಅನಿಸುತ್ತದೆ, ಆದರೆ ಆಗುವುದು ಉಲ್ಟಾ. ಅಂಗೈಯ ಚರ್ಮವನ್ನು ನೂರಾರು ಲಂಬ ನಾರುಗಳು ಕೆಳಗಿನ ಪೊರೆಗೆ ಕಟ್ಟಿಹಾಕಿರುತ್ತವೆ. ಹೊರಗಿನಿಂದ ತಂದ ಫ್ಲ್ಯಾಪ್‌ಗೆ ಆ ಕಟ್ಟು ಇಲ್ಲ. ಸುತ್ತಿಗೆ ಹಿಡಿದರೆ ಹಿಡಿಕೆಯ ಜೊತೆಗೆ ಫ್ಲ್ಯಾಪೂ ಜಾರುತ್ತದೆ, ಜಾರು ಚಾಪೆಯ ಮೇಲೆ ನಿಂತ ಹಾಗೆ. ಹಿಡಿತದ ಬಲ ಡೈನಮೋಮೀಟರ್‌ನಲ್ಲಿ ಸರಿಯಾಗಿದ್ದರೂ ಉಪಕರಣ ತಿರುಗಿಬಿಡುತ್ತದೆ ಅನ್ನುವ ದೂರು ಇದರಿಂದಲೇ. ಟೆಂಡನ್ ಬಯಲಾಗಿಲ್ಲದ ಅಂಗೈ ಗಾಯಕ್ಕೆ ಪಾದದ ಕಮಾನಿನ ಅಥವಾ ಕಿರುಬೆರಳ ಬುಡದ ದಿಬ್ಬದ ರೋಮವಿಲ್ಲದ ಚರ್ಮದ ಕಸಿ ಮೇಲು. ಬಣ್ಣವೂ ಹೊಂದುತ್ತದೆ. ತೊಡೆಯ ತೆಳು ಕಸಿ ಅಂಗೈಯಲ್ಲಿ ಕಪ್ಪಾಗಿಯೇ ಉಳಿಯುತ್ತದೆ, ಬೆವರು ಎಣ್ಣೆ ಇಲ್ಲದೆ ಒಡೆಯುತ್ತದೆ, ಅಂಚಿನಲ್ಲಿ ದಡ್ಡುಗಟ್ಟುತ್ತದೆ. ದಿನಕ್ಕೆ ಎರಡು ಮೂರು ಸಲ ವ್ಯಾಸಲೀನ್‌ನಂಥದ್ದು ಹಚ್ಚುವುದು ಜೀವನಪೂರ್ತಿಯ ಕೆಲಸ ಅಂತ ಮೊದಲೇ ಹೇಳಿಬಿಡಬೇಕು.

ಮೊನಚು

ಸಂವೇದನೆ ಅಳೆಯುವುದರಲ್ಲಿ ಆಗುವ ಎಡವಟ್ಟುಗಳನ್ನು ಬರೆಯುತ್ತೇನೆ, ಏಕೆಂದರೆ "ಸಂವೇದನೆ ಚೆನ್ನಾಗಿದೆ" ಅನ್ನುವ ಹೇಳಿಕೆಯಷ್ಟು ಟೊಳ್ಳು ಇನ್ನೊಂದಿಲ್ಲ.

ಮಾನೋಫಿಲಮೆಂಟ್ (ಚರ್ಮಕ್ಕೆ ಒತ್ತಿ ನೋಡುವ ನೈಲಾನ್ ಎಳೆಗಳು, ಸಂಖ್ಯೆ ಹೆಚ್ಚಿದಷ್ಟು ಗಡುಸು): 2.83 ಸಂಖ್ಯೆಯ ಎಳೆ (ಸುಮಾರು 0.07 ಗ್ರಾಂ ಒತ್ತಡ) ಗೊತ್ತಾದರೆ ಸಹಜ. 3.61ರವರೆಗೆ ನವಿರು ಸ್ಪರ್ಶ ಕಡಿಮೆ. 4.31ರವರೆಗೆ ರಕ್ಷಣಾ ಸಂವೇದನೆ ಕುಂದಿದೆ. 4.56ರಿಂದ ಮೇಲಿನದ್ದು ಮಾತ್ರ ತಿಳಿದರೆ ರಕ್ಷಣೆಯೇ ಹೋಗಿದೆ. ಎಳೆ ಬಾಗುವವರೆಗೆ ಒತ್ತಿ, ಒಂದೂವರೆ ಸೆಕೆಂಡು ಹಿಡಿದು, ಎತ್ತಿ. ಕುಟ್ಟಬಾರದು. ಕಣ್ಣು ಮುಚ್ಚಿಸಿ, ಕೈಯನ್ನು ಮೇಜಿನ ಮೇಲೆ ಮೆತ್ತಗಿನದೊಂದರಲ್ಲಿ ಊರಿಸಿಡಿ, ಇಲ್ಲದಿದ್ದರೆ ಬೆರಳು ಅಲ್ಲಾಡಿದ್ದು ಕೀಲಿಗೆ ಗೊತ್ತಾಗಿ "ಹೂಂ" ಅನ್ನುತ್ತಾರೆ.

ಎರಡು ಬಿಂದು ಪರೀಕ್ಷೆ (ಎರಡು ಮೊನೆ ಎಷ್ಟು ದೂರವಿದ್ದರೆ ಎರಡು ಅಂತ ಗೊತ್ತಾಗುತ್ತದೆ ಅನ್ನುವುದು): ಬೆರಳಿನ ಉದ್ದಕ್ಕೆ ಹಿಡಿಯಬೇಕು, ಅಡ್ಡ ಹಿಡಿದರೆ ಎರಡು ಕಡೆಯ ಬೇರೆ ಬೇರೆ ನರಗಳು ಉತ್ತರ ಕೊಡುತ್ತವೆ. ಚರ್ಮ ಬಿಳಿಚುವ ಮುಂಚೆ ನಿಲ್ಲಿಸಿ. ಹತ್ತರಲ್ಲಿ ಏಳು ಸರಿ ಉತ್ತರ ಬೇಕು. 6 ಮಿ.ಮೀ.ಗಿಂತ ಕಡಿಮೆ ಸಹಜ, 6–10 ಸಾಧಾರಣ, 11–15 ಕಳಪೆ. ಇದು ಬೆರಳ ತುದಿಯ ಲೆಕ್ಕ. ತೊಡೆಸಂದಿನ ಫ್ಲ್ಯಾಪ್ ಮೇಲೆ ಇದೇ ಅಳತೆ ಹಾಕಿ "ಕಳಪೆ" ಬರೆಯುವುದು ಅನ್ಯಾಯ, ತೊಡೆಸಂದಿನಲ್ಲಿದ್ದಾಗಲೂ ಅದಕ್ಕೆ 6 ಮಿ.ಮೀ. ಗೊತ್ತಾಗುತ್ತಿರಲಿಲ್ಲ.

ನರ ಜೋಡಿಸದ ಫ್ಲ್ಯಾಪ್‌ಗೆ ಅಂಚಿನಿಂದಲೂ ತಳದಿಂದಲೂ ಒಂದೆರಡು ವರ್ಷದಲ್ಲಿ ಸ್ವಲ್ಪ ರಕ್ಷಣಾ ಸಂವೇದನೆ ಬರುವುದುಂಟು, ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಅಲ್ಲಿಯವರೆಗೆ ಬಿಸಿ ಪಾತ್ರೆ, ಇಸ್ತ್ರಿ, ಸಿಗರೇಟು ಮೂರರಿಂದಲೂ ಬೊಕ್ಕೆ ಏಳುತ್ತವೆ, ಅವರಿಗೆ ಗೊತ್ತಾಗುವುದು ಬೊಕ್ಕೆ ನೋಡಿದ ಮೇಲೆ. ಪ್ರತಿ ಭೇಟಿಯಲ್ಲೂ ಸುಟ್ಟ ಗುರುತು ಇದೆಯೇ ಅಂತ ನೋಡುವ ಒಂದು ಸಾಲು ನಮೂನೆಯಲ್ಲಿರಲಿ.

ಗೆಣ್ಣುಗಾರ್ತಿ

ಮೊನಚು ಅವರೇ, ಹೆಬ್ಬೆರಳಿಗೆ ಉಂಗುರಬೆರಳಿನ ಪಕ್ಕದಿಂದ ನರ-ರಕ್ತನಾಳ ಸಮೇತ ತರುವ ದ್ವೀಪ ಫ್ಲ್ಯಾಪ್ ಬಗ್ಗೆ ಹೇಳಲಿಲ್ಲ. ಅಳತೆಯಲ್ಲಿ ಸಂವೇದನೆ ಚೆನ್ನಾಗೇ ಬರುತ್ತೆ, ಆದರೆ ಹೆಬ್ಬೆರಳು ಮುಟ್ಟಿದರೆ ಮಿದುಳಿಗೆ ಉಂಗುರಬೆರಳು ಮುಟ್ಟಿದ ಹಾಗಾಗುತ್ತೆ. ವಯಸ್ಕರಲ್ಲಿ ಎಷ್ಟೋ ಜನಕ್ಕೆ ಇದು ಪೂರ್ತಿ ಬದಲಾಗಲ್ಲ. ಸಂವೇದನೆಯ ಮರುಶಿಕ್ಷಣ ವಾರಕ್ಕೊಂದು ಸಲ ಮಾಡಿದರೆ ಉಪಯೋಗ ಇಲ್ಲ. ದಿನಕ್ಕೆ ನಾಲ್ಕೈದು ಸಲ, ಹತ್ತು ನಿಮಿಷ: ಮೊದಲು ನೋಡುತ್ತಾ ಮುಟ್ಟೋದು, ಆಮೇಲೆ ಕಣ್ಣು ಮುಚ್ಚಿ ಅದೇ ವಸ್ತು, ಆಮೇಲೆ ಹತ್ತಿ, ಒರಟು ಬಟ್ಟೆ, ನಾಣ್ಯ, ಕೀಲಿ ಅಂತ ಗುರುತಿಸೋದು.

ಮೊನಚು

ಹೌದು. ಅದಕ್ಕೇ ಹೆಬ್ಬೆರಳ ತುದಿಯ ಗಾಯ ಒಂದೂವರೆ ಸೆಂ.ಮೀ. ಒಳಗಿದ್ದರೆ ಮೋಬರ್ಗ್ ಫ್ಲ್ಯಾಪ್ (1964) ಲೇಸು, ಹೆಬ್ಬೆರಳಿನದೇ ಚರ್ಮ ಅದರದೇ ನರದೊಂದಿಗೆ ಮುಂದಕ್ಕೆ ಬರುತ್ತದೆ. ಅತಿಯಾಗಿ ಎಳೆದರೆ ತುದಿಯ ಕೀಲು ಮಡಿದೇ ಉಳಿಯುತ್ತದೆ, ಅಷ್ಟು ನೆನಪಿರಲಿ.

ಬೇರೆ ಬೆರಳ ತುದಿಗಳಿಗೆ ಪಕ್ಕದ ಬೆರಳಿಂದ ಫ್ಲ್ಯಾಪ್ ಹಾಕುವ ಆತುರ ನನಗೆ ಅರ್ಥವಾಗುವುದಿಲ್ಲ. ಮೂಳೆ ಹೊರಚಾಚದ ಗಾಯಕ್ಕೆ ಪಾರದರ್ಶಕ ಫಿಲ್ಮ್ ಅಂಟಿಸಿ ವಾರಕ್ಕೊಮ್ಮೆ ಬದಲಾಯಿಸುತ್ತಾ ನಾಲ್ಕರಿಂದ ಆರು ವಾರ ಬಿಟ್ಟರೆ ತಾನೇ ತುಂಬಿಕೊಳ್ಳುತ್ತದೆ, ಸಂವೇದನೆ ಸಹಜಕ್ಕೆ ಹತ್ತಿರ. ಒಳಗೆ ನಿಲ್ಲುವ ಕಂದು ದ್ರವ ನಾರುತ್ತದೆ, ಅದನ್ನು ಕೀವು ಅಂದುಕೊಂಡು ದಿನಾ ಬಿಚ್ಚಿ ತೊಳೆದರೆ ಕೆಲಸ ಕೆಟ್ಟಿತು. ಪಕ್ಕದ ಬೆರಳ ಫ್ಲ್ಯಾಪ್‌ನಲ್ಲಿ ಎರಡು ಬೆರಳು ಎರಡು ಮೂರು ವಾರ ಕಟ್ಟಿಬಿದ್ದಿರುತ್ತವೆ, ಗಾಯವೇ ಆಗದ ಬೆರಳೂ ಬಿಗಿಯುತ್ತದೆ. ಉಗುರು ಕೊಕ್ಕೆಯಂತೆ ಬಾಗುವುದು ಇನ್ನೊಂದು. ಮೂಳೆಯ ಆಧಾರವಿಲ್ಲದ ಕಡೆಗೆ ಉಗುರಿನ ಹಾಸನ್ನು ಎಳೆದು ಹೊಲಿದದ್ದು ಕಾರಣ. ಹಾಸನ್ನು ಮೂಳೆಯ ತುದಿಗಿಂತ 2 ಮಿ.ಮೀ. ಹಿಂದಕ್ಕೆ ಕತ್ತರಿಸಿದರೆ ತಪ್ಪುತ್ತದೆ.

ಚಳಿಗಾಲ

ಚಳಿಗೆ ನೋವಿನ ವಿಷಯ ಇಷ್ಟು ಹೊತ್ತಾದರೂ ಯಾರೂ ಎತ್ತಲಿಲ್ಲ! ದೀರ್ಘಕಾಲದ ದೂರುಗಳಲ್ಲಿ ಇದೇ ಮುಂಚೂಣಿ. ಬೆರಳ ನರ ಮತ್ತು ರಕ್ತನಾಳ ಎರಡೂ ಹೋಗಿದ್ದರೆ ಹೆಚ್ಚು. ಬೆರಳು ಬಿಳಿಚಿ, ನೀಲಿಯಾಗಿ, ಒಳಗಿನಿಂದ ಕಡಿಯುವಂಥ ನೋವು. ಮೊದಲೆರಡು ವರ್ಷದಲ್ಲಿ ತುಸು ಕಡಿಮೆಯಾಗುತ್ತದೆ, ಆಮೇಲೆ ಇದ್ದಷ್ಟು ಉಳಿಯುತ್ತದೆ. "ಮುಂದಿನ ವರ್ಷ ಹೋಗುತ್ತದೆ" ಅಂತ ಭರವಸೆ ಕೊಡಬೇಡಿ. ಐದು ಬೆರಳಿನ ಗ್ಲೋವ್‌ಗಿಂತ ಬೆರಳುಗಳೆಲ್ಲ ಒಂದೇ ಚೀಲದಲ್ಲಿರುವ ಗ್ಲೋವ್ ಬೆಚ್ಚಗೆ. ತಂಪು ಲೋಹ ಹಿಡಿಯುವ ಕೆಲಸವಿದ್ದರೆ ಹಿಡಿಕೆಗೆ ರಬ್ಬರ್ ಸುತ್ತಿ. ತಂಬಾಕು ಯಾವ ರೂಪದಲ್ಲೂ ಬೇಡ, ನಿಕೋಟಿನ್ ಅದೇ ರಕ್ತನಾಳಗಳನ್ನು ಹಿಂಡುತ್ತದೆ.

ಗೆಣ್ಣುಗಾರ್ತಿ

ಕಲೆ ಬಗ್ಗೆ: ಪಕ್ವವಾಗೋಕೆ 12ರಿಂದ 18 ತಿಂಗಳು ಬೇಕು. ಕೆಂಪಾಗಿ, ಗಟ್ಟಿಯಾಗಿ, ತುರಿಸ್ತಾ ಇದ್ದರೆ ಇನ್ನೂ ಕೆಲಸ ಮುಗಿದಿಲ್ಲ. ಸಿಲಿಕೋನ್ ಹಾಳೆ ದಿನಕ್ಕೆ ಕನಿಷ್ಠ 12 ಗಂಟೆ, ಗಾಯ ಪೂರ್ತಿ ಮುಚ್ಚಿದ ಮೇಲೆ ಮಾತ್ರ. ಒತ್ತಡದ ಗ್ಲೋವ್ 23 ಗಂಟೆ, ಸ್ನಾನಕ್ಕೆ ಮಾತ್ರ ಬಿಚ್ಚಬೇಕು. ಅದು ಎರಡು ಮೂರು ತಿಂಗಳಲ್ಲಿ ಸಡಿಲವಾಗುತ್ತೆ, ಹೊಸ ಅಳತೆ ತೆಗೀಬೇಕು. ಸಡಿಲ ಗ್ಲೋವ್ ಹಾಕಿಕೊಂಡು "ಉಪಯೋಗ ಆಗಲಿಲ್ಲ" ಅನ್ನೋರೇ ಹೆಚ್ಚು.

ಹೆಬ್ಬೆರಳು-ತೋರುಬೆರಳ ಸಂದು ಮೋಸಗಾರ. ಮೂರನೇ ತಿಂಗಳಲ್ಲಿ ಅಗಲವಾಗಿರುತ್ತೆ, ವರ್ಷಕ್ಕೆ ನೋಡಿದರೆ ಕಸಿಯ ಅಂಚು ಮುಂದೆ ತೆವಳಿ ಮುಚ್ಚಿಕೊಂಡಿರುತ್ತೆ, ದೊಡ್ಡ ಲೋಟ ಹಿಡಿಯೋಕಾಗಲ್ಲ. ರಾತ್ರಿ ಸ್ಪ್ಲಿಂಟ್ ಕನಿಷ್ಠ ಆರು ತಿಂಗಳು. ಪ್ರತಿ ಭೇಟಿಯಲ್ಲೂ ಹೆಬ್ಬೆರಳು ತೆರೆಯೋ ಕೋನ ಬರೀರಿ.

ಪೆಡಿಕಲ್

ಆ ಸಂದು ಮುಚ್ಚಿದ್ದು ನೇರ ಪಟ್ಟಿಯಂಥ ಕಲೆಯಿಂದಾದರೆ ಝಡ್-ಪ್ಲಾಸ್ಟಿ (Z ಆಕಾರದಲ್ಲಿ ಕತ್ತರಿಸಿ ಎರಡು ತ್ರಿಕೋನಗಳನ್ನು ಅದಲುಬದಲು ಹೊಲಿಯುವುದು). 60 ಡಿಗ್ರಿ ಕೋನದಲ್ಲಿ ಲೆಕ್ಕದ ಪ್ರಕಾರ ಉದ್ದ 75 ಶೇಕಡಾ ಹೆಚ್ಚುತ್ತದೆ, 45ರಲ್ಲಿ 50, 30ರಲ್ಲಿ 25. ಕೈಯ ಮೇಲೆ ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಪಕ್ಕದ ಚರ್ಮವೂ ಕಲೆಯೇ ಆಗಿದ್ದರೆ ಝಡ್ ತುದಿ ಸಾಯುತ್ತದೆ, ಆಗ ಪೂರ್ಣದಪ್ಪ ಕಸಿ ಅಥವಾ ಫ್ಲ್ಯಾಪ್.

ಅಂಟಿಕೊಂಡ ಟೆಂಡನ್ ಬಿಡಿಸಲು ಶರತ್ತು ಮೂರು: ಮೇಲಿನ ಚರ್ಮ ಮೆತ್ತಗಾಗಿರಬೇಕು, ನಾವು ಮಡಿಸಿದರೆ ಕೀಲು ಪೂರ್ತಿ ಬರಬೇಕು, ಥೆರಪಿ ಮಾಡಿಯೂ ಎರಡು ಮೂರು ತಿಂಗಳಿಂದ ಅಂಕಿ ನಿಂತಲ್ಲೇ ನಿಂತಿರಬೇಕು. ಹೊಲಿಗೆಯಾಗಿ ಮೂರರಿಂದ ಆರು ತಿಂಗಳಿಗೆ ಮುಂಚೆ ಬೇಡ. ಅಡ್ರಿನಾಲಿನ್ ಸೇರಿಸಿದ ಲಿಗ್ನೊಕೇನ್ (ಮರಗಟ್ಟಿಸುವ ಮದ್ದು) ಕೊಟ್ಟು ಎಚ್ಚರದಲ್ಲೇ ಮಾಡಿದರೆ ಮೇಜಿನ ಮೇಲೆಯೇ ಬೆರಳು ಮಡಿಸಿ ಅಂತ ಹೇಳಿ, ಎಲ್ಲಿ ಇನ್ನೂ ಹಿಡಿದಿದೆ ನೋಡಬಹುದು. ಚಲನೆ ಅವತ್ತೇ ಅಥವಾ ಮಾರನೇ ದಿನ ಶುರುವಾಗಬೇಕು.

ಸೂಜಿದಾರ

ಫ್ಲ್ಯಾಪ್ ತೆಳು ಮಾಡುವುದನ್ನೂ ಅದೇ ದಿನ ಮುಗಿಸುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ: ಕೊಬ್ಬು ತೆಗೆದ ಫ್ಲ್ಯಾಪ್ ಊದಿಕೊಳ್ಳುತ್ತದೆ, ಊದಿದ ಕೈಯಲ್ಲಿ ಬಿಡಿಸಿದ ಟೆಂಡನ್ ಮತ್ತೆ ಅಂಟುತ್ತದೆ.

ಇನ್ನು ಆರಂಭದ ಸಮಯದ ಬಗ್ಗೆ. ಸರ್ಜನ್ ಗೊಡಿನಾ 1986ರಲ್ಲಿ ಕೈಕಾಲು ಸೇರಿ 532 ಮೈಕ್ರೋ ಸರ್ಜರಿಗಳ ಲೆಕ್ಕ ಕೊಟ್ಟರು: 72 ಗಂಟೆಯೊಳಗೆ ಮುಚ್ಚಿದವರಲ್ಲಿ ಸೋಂಕು 1.5 ಶೇಕಡಾ, ಆಮೇಲಿಂದ ಮೂರು ತಿಂಗಳೊಳಗೆ ಮುಚ್ಚಿದವರಲ್ಲಿ 17.5. ಅವರ ಬಹುಪಾಲು ರೋಗಿಗಳ ಗಾಯ ಕಾಲಿನದ್ದು, ಕೈಗೆ ಅದೇ ಅಂಕಿ ಅಂಟಿಸಬಾರದು. ಆದರೆ ಕೈಯಲ್ಲಿ ಬೇಗ ಮುಚ್ಚಲು ಸೋಂಕಿಗಿಂತ ದೊಡ್ಡ ಕಾರಣವಿದೆ: ತೆರೆದ ಗಾಯವಿರುವಷ್ಟು ದಿನ ಯಾರೂ ಆ ಬೆರಳು ಆಡಿಸುವುದಿಲ್ಲ. ವ್ಯಾಕ್ಯೂಮ್ ಡ್ರೆಸ್ಸಿಂಗ್ ಹಾಕಿ ಎರಡು ವಾರ ತಳ್ಳಿದರೆ ಗಾಯ ಕೆಂಪಗೆ ಚೆಂದ ಕಾಣುತ್ತದೆ, ಕೀಲುಗಳು ಅಷ್ಟರಲ್ಲಿ ಬಿಗಿದಿರುತ್ತವೆ.

ಅಂಗೈರೇಖೆ

ಮಕ್ಕಳಿಗೆ ಇದೇ ವೇಳಾಪಟ್ಟಿ ಸಾಕೇ? ಎರಡು ವರ್ಷದ ಮೇಲೂ ಯಾರನ್ನು ಕರೆಯಬೇಕು?

ಸೂಜಿದಾರ

ಮಕ್ಕಳಲ್ಲಿ ನರ ಚೆನ್ನಾಗಿ ಕೂಡುತ್ತದೆ, ಕಲೆ ಮಾತ್ರ ಕೈಯ ಜೊತೆ ಬೆಳೆಯುವುದಿಲ್ಲ. ಐದು ವರ್ಷದ ಮಗುವಿನಲ್ಲಿ ನೇರವಾಗಿದ್ದ ಬೆರಳು ಹನ್ನೆರಡಕ್ಕೆ ಮಡಿದಿರಬಹುದು. ಮೂಳೆ ಬೆಳವಣಿಗೆ ನಿಲ್ಲುವವರೆಗೆ ವರ್ಷಕ್ಕೊಮ್ಮೆ, ಭರದಿಂದ ಬೆಳೆಯುವ ವಯಸ್ಸಿನಲ್ಲಿ ಆರು ತಿಂಗಳಿಗೊಮ್ಮೆ ನೋಡಬೇಕು.

ದೊಡ್ಡವರಲ್ಲಿ ಎರಡು ವರ್ಷದ ನಂತರವೂ ಕರೆಯಬೇಕಾದವರು: 4.56ಕ್ಕಿಂತ ನವಿರಾದ ಎಳೆ ಇನ್ನೂ ಗೊತ್ತಾಗದವರು, ಮತ್ತು ಕಸಿ ಮೇಲೆ ಪದೇ ಪದೇ ಒಡೆದು ವಾಸಿಯಾಗುವ ಜಾಗ ಇರುವವರು. ಹಳೆಯ ಕಲೆಯಲ್ಲಿ ಮೂರು ತಿಂಗಳಾದರೂ ಮುಚ್ಚದ ಹುಣ್ಣು, ಅಂಚು ಎದ್ದು ಗಟ್ಟಿಯಾದದ್ದು, ಮುಟ್ಟಿದರೆ ರಕ್ತ ಬರುವಂಥದ್ದು ಕಂಡರೆ ಮುಲಾಮು ಬದಲಾಯಿಸುತ್ತಾ ಕೂರಬೇಡಿ. ಅಂಚಿನ ಒಂದಕ್ಕಿಂತ ಹೆಚ್ಚು ಕಡೆಯಿಂದ ತುಣುಕು ತೆಗೆದು ಬಯಾಪ್ಸಿಗೆ ಕಳಿಸಿ.